ಬಸ್ತಾದ ಮೇಲಿನ ಚೀಟಿ: ಕೋರ್ಟ್ ಕಾಗದಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಹೇಳುತ್ತವೆ. ಕೇಸ್ ಇದೆ, ನಂಬರ್ ಇದೆ, ಹುಡುಕಿದರೆ ಸಿಗುತ್ತಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನು ಈ ಭಾಗದ ಕೋರ್ಟ್‌ಗಳಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ 11 ವರ್ಷ ರೆಕಾರ್ಡ್ ರೂಮಿನಲ್ಲೇ ಕಳೆದವು. ಕೇಸಿನ ಕಾಗದ ಕಟ್ಟಿಡುವ ಕೆಂಪು ಬಟ್ಟೆಯ ಬಸ್ತಾ, ಅದರ ದಾರಕ್ಕೆ ಕಟ್ಟಿದ ರಟ್ಟಿನ ಚೀಟಿ, ಇವುಗಳ ನಡುವೆ ಬದುಕಿದವನು ನಾನು. ಗೊತ್ತಿದ್ದಷ್ಟನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನಮ್ಮ ತಂದೆ 1994ರಲ್ಲಿ ಹೊಲದ ವಾಟ್ನಿಗಾಗಿ (ಪಾಲಿಗಾಗಿ) ದಾವೆ ಹಾಕಿದ್ದರು. ನನ್ನ ಹತ್ತಿರ ಇರುವುದು "ಓ.ಎಸ್. 86/94" ಎಂದು ಬರೆದ ಒಂದು ಹಳೆಯ ಚೀಟಿ ಮಾತ್ರ. ಮೊಬೈಲ್‌ನಲ್ಲಿ ಇ-ಕೋರ್ಟ್ಸ್ ತೆರೆದು ಗದಗ ಜಿಲ್ಲೆ ಆರಿಸಿ ಹುಡುಕಿದರೆ ದಾಖಲೆ ಇಲ್ಲ ಅಂತ ಬರುತ್ತದೆ. ಕಾಗದ ಕಳೆದೇ ಹೋಯಿತಾ?
— ಓದುಗರು, ರೋಣ

ಉತ್ತರ: ಗಾಬರಿ ಬೇಡ. ಕಳೆದಿದೆ ಎಂದು ಈಗಲೇ ಹೇಳಲು ಬರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಪೂರ್ತಿ ವಿಳಾಸ ಅಲ್ಲ, ಬರೀ ಮನೆ ನಂಬರ್. ಓ.ಎಸ್. ಅಂದರೆ ಮೂಲ ದಾವೆ. ಪ್ರತಿ ಕೋರ್ಟ್‌ನಲ್ಲೂ ಜನವರಿ ಬಂತೆಂದರೆ ಓ.ಎಸ್. ಒಂದರಿಂದ ಎಣಿಕೆ ಶುರು. ಅಂದಮೇಲೆ 1994ರ ಓ.ಎಸ್. 86 ರೋಣದಲ್ಲಿ ಇರಬಹುದು, ಗದಗದಲ್ಲಿ ಇರಬಹುದು, ಹುಬ್ಬಳ್ಳಿಯಲ್ಲೂ ಇರಬಹುದು. ಯಾವ ಊರಿನ ಯಾವ ಕೋರ್ಟ್ ಎಂದು ಗೊತ್ತಾಗುವವರೆಗೆ ಆ ನಂಬರಿಗೆ ಅರ್ಥವಿಲ್ಲ.

ಇನ್ನೊಂದು ತೊಡಕೂ ಇದೆ. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾಗಿದ್ದು 1997ರಲ್ಲಿ. ನಿಮ್ಮ ತಂದೆ ದಾವೆ ಹಾಕಿದಾಗ ರೋಣ ಧಾರವಾಡ ಜಿಲ್ಲೆಯ ತಾಲ್ಲೂಕು. ಕಾಗದದ ಮೇಲೂ ಹಾಗೇ ಇರುತ್ತದೆ. ಮೇಲ್ಮನವಿ ಆಗಿದ್ದರೆ ಆ ಕಾಗದ ಧಾರವಾಡದಲ್ಲೇ ಉಳಿದಿರಬಹುದು. ಹಳೆಯ ಕಾಗದಗಳಲ್ಲಿ ಮುನ್ಸೀಫ್ ಕೋರ್ಟ್ ಎಂದಿದ್ದರೆ, ಅದು ಇವತ್ತಿನ ಸಿವಿಲ್ ಜಡ್ಜ್ ಜೂನಿಯರ್ ಡಿವಿಜನ್ ಕೋರ್ಟ್ ಎಂದು ತಿಳಿಯಿರಿ.

ಮೊದಲು ಮನೆಯ ಪೆಟ್ಟಿಗೆ ಇನ್ನೊಮ್ಮೆ ನೋಡಿ. ಸಮನ್ಸ್, ವಕೀಲರ ಪತ್ರ, ಕೋರ್ಟ್ ಫೀ ರಸೀದಿ, ಯಾವುದಾದರೂ ಸರಿ. ಅದರ ಮೇಲಿನ ಮೊಹರು ಓದಿ. ಆಮೇಲೆ ಮೊಬೈಲ್‌ನಲ್ಲಿ ನಂಬರ್ ಬಿಟ್ಟು ಪಕ್ಷಗಾರರ ಹೆಸರಿನಿಂದ ಹುಡುಕಿ. ಪೂರ್ತಿ ಹೆಸರು ಬೇಡ, ಮೊದಲ ಮೂರು ನಾಲ್ಕು ಅಕ್ಷರ ಸಾಕು. ವಿಲೇವಾರಿಯಾದ ಕೇಸುಗಳೂ ಸೇರುವ ಹಾಗೆ ಆರಿಸಿಕೊಳ್ಳಿ. ಅಷ್ಟಾದರೂ ಸಿಗದಿದ್ದರೆ ಆ ಕೇಸ್ ಕಂಪ್ಯೂಟರಿಗೆ ಏರಿಲ್ಲದೆಯೂ ಇರಬಹುದು. ಆಗ ಕೋರ್ಟಿಗೆ ಹೋಗಿ 1994ರ ದಾವೆ ರಿಜಿಸ್ಟರ್ ನೋಡಲು ಅರ್ಜಿ ಕೊಡಿ. ಆ ಕೇಸಿನ ಸಾಲಿನಲ್ಲೇ ಏನಾಯಿತು ಎಂದು ಬರೆದಿರುತ್ತದೆ.

ಈಗಿನ ಕೇಸುಗಳಿಗೆ ಈ ಕಷ್ಟ ಕಡಿಮೆ. ಕೋರ್ಟ್‌ಗಳ ಕಂಪ್ಯೂಟರ್ ಜಾಲವಾದ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಕೇಸಿಗೆ 16 ಅಕ್ಷರ ಮತ್ತು ಅಂಕೆಗಳ ಒಂದು ಸಿಎನ್‌ಆರ್ ಸಂಖ್ಯೆ ಇದೆ. ಮೊದಲ ಆರು ಸ್ಥಾನ ರಾಜ್ಯ, ಜಿಲ್ಲೆ ಮತ್ತು ಕೋರ್ಟಿನ ಗುರುತು. ಆಮೇಲಿನ ಆರು ಕೇಸಿನ ಕ್ರಮ ಸಂಖ್ಯೆ. ಕೊನೆಯ ನಾಲ್ಕು ಅಂಕೆ ವರ್ಷವನ್ನು ಹೇಳುತ್ತವೆ. ನಮ್ಮ ರಾಜ್ಯದ್ದು "ಕೆಎ" ಎಂದು ಶುರುವಾಗುತ್ತದೆ. ದೇಶದಲ್ಲಿ ಒಂದು ಸಿಎನ್‌ಆರ್‌ಗೆ ಒಂದೇ ಕೇಸ್. ಮೇಲ್ಮನವಿಗೆ ಹೋದರೆ ಅಲ್ಲಿ ಬೇರೆ ಸಿಎನ್‌ಆರ್ ಸಿಗುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ವಕೀಲಿ ಶುರು ಮಾಡಿ ಮೂರು ವರ್ಷ ಆಯಿತು. ನಮ್ಮ ಸೀನಿಯರ್ ಆಫೀಸಿನಲ್ಲಿ ನಲವತ್ತು ವರ್ಷದ ಫೈಲುಗಳಿವೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಲು ಹೇಳಿದ್ದಾರೆ. "ಸ್ಟ್ಯಾಂಡರ್ಡ್ ಮೆಟಾಡೇಟಾ ಇಟ್ಟುಕೋ" ಅಂತಾರೆ. ಹಾಗೆಂದರೇನು? ಯಾವ ಕಾಲಂ ಇಡಲಿ?
— ಯುವ ವಕೀಲೆ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಸೀನಿಯರ್ ಸರಿಯಾಗಿ ಹೇಳಿದ್ದಾರೆ. ಮೆಟಾಡೇಟಾ ಅಂದರೆ ಬಸ್ತಾದ ಮೇಲಿನ ಚೀಟಿ. ಒಳಗಿನ ಕಾಗದ ಬಿಚ್ಚದೇ ಒಳಗೇನಿದೆ ಎಂದು ಹೇಳುವುದು. ಸ್ಟ್ಯಾಂಡರ್ಡ್ ಅಂದರೆ ಎಲ್ಲ ಚೀಟಿಯಲ್ಲೂ ಅದೇ ಮಾಹಿತಿ ಅದೇ ಜಾಗದಲ್ಲಿ ಅದೇ ರೀತಿಯಲ್ಲಿ ಇರುವುದು. ಒಬ್ಬ ಗುಮಾಸ್ತ ಹೆಸರು ಮೇಲೆ ಬರೆದ, ಇನ್ನೊಬ್ಬ ಕೆಳಗೆ ಬರೆದ, ಮೂರನೆಯವನು ಮರೆತ ಎಂದರೆ ಅದು ಚೀಟಿಯೇ ಅಲ್ಲ.

ಕಾಲಂ ಪಟ್ಟಿಗೆ ಮೊದಲು ಒಂದು ಘಟನೆ ಹೇಳುತ್ತೇನೆ. ನಾನು ರೆಕಾರ್ಡ್ ರೂಮಿನಲ್ಲಿದ್ದಾಗ ಒಂದು ಸೋಮವಾರ ವಯಸ್ಸಾದ ಅಮ್ಮ ಒಬ್ಬರು ಬಂದರು. ಗಂಡ ತೀರಿಕೊಂಡಿದ್ದರು. ಹೊಲದ ಡಿಕ್ರಿಯ ನಕಲು ಬೇಕಿತ್ತು. ಕೇಸ್ ನಂಬರ್ ಗೊತ್ತಿಲ್ಲ, ವರ್ಷ ಗೊತ್ತಿಲ್ಲ. "ದೊಡ್ಡ ಮಗಳ ಮದುವಿ ಆದ ಮರುವರ್ಷ" ಎಂದಷ್ಟೇ ಹೇಳಿದರು. ಸೀರೆ ಸೆರಗಿನಲ್ಲಿ ಮಡಚಿದ ಒಂದು ಉತಾರ, ಅಂದರೆ ಹೊಲದ ಪಹಣಿ, ಇತ್ತು. ರಿಜಿಸ್ಟರಿನಲ್ಲಿ ಗಂಡನ ಹೆಸರು ಹುಡುಕಿದೆವು. ಅಡ್ಡಹೆಸರಿನಲ್ಲಿ ಇಲ್ಲ. ತಂದೆ ಹೆಸರಿನಲ್ಲೂ ಇಲ್ಲ. ಮೂರು ದಿನ ಆ ಅಮ್ಮ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋದರು. ರೊಟ್ಟಿ ಗಂಟು ಬಿಚ್ಚಿ ವರಾಂಡದಲ್ಲಿ ಕುಳಿತು ತಿನ್ನುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ನಾಲ್ಕನೇ ದಿನ ಒಂದು ಬಸ್ತಾ ಇಳಿಸುವಾಗ ಚೀಟಿಯ ಅಂಚಿನಲ್ಲಿ ನೀಲಿ ಪೆನ್ಸಿಲಿನಲ್ಲಿ ಬರೆದ ಅಕ್ಷರ ಕಂಡಿತು. ಊರಿನ ಹೆಸರು, ಪಕ್ಕದಲ್ಲಿ ಹೊಲದ ಬ್ಲಾಕ್ ನಂಬರ್. ಆ ಅಮ್ಮನ ಉತಾರದಲ್ಲಿದ್ದ ಅದೇ ನಂಬರ್. ಒಳಗೆ ಅವರದೇ ಡಿಕ್ರಿ. ಗಂಡನ ಹೆಸರು ವಾದಿಗಳ ಪಟ್ಟಿಯಲ್ಲಿ ಐದನೆಯವರಾಗಿ ಇತ್ತು. ರಿಜಿಸ್ಟರಿನಲ್ಲಿ ಮೊದಲನೇ ವಾದಿಯ ಹೆಸರು ಬರೆದು "ಮತ್ತು ಇತರರು" ಎಂದು ಬಿಟ್ಟಿದ್ದರು. ನನಗಿಂತ ಎಷ್ಟೋ ವರ್ಷ ಹಿಂದೆ ಅಲ್ಲಿದ್ದ ಯಾರೋ ಒಬ್ಬ ಗುಮಾಸ್ತರು, ಯಾರೂ ಹೇಳದಿದ್ದರೂ, ಅಂಚಿನಲ್ಲಿ ಆ ನಂಬರ್ ಬರೆದಿಟ್ಟಿದ್ದರು. ಅವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅದಕ್ಕೇ ನಿಮಗೆ ಹೇಳುವುದು: ಇವತ್ತು ನಿಮಗೆ ಏನು ಗೊತ್ತಿದೆ ಎಂದು ನೋಡಿ ಕಾಲಂ ಇಡಬೇಡಿ. ಇಪ್ಪತ್ತು ವರ್ಷದ ನಂತರ ಹುಡುಕಿ ಬರುವವರ ಕೈಯಲ್ಲಿ ಏನಿರುತ್ತದೆ ಎಂದು ನೋಡಿ ಇಡಿ. ನಮ್ಮ ಕಡೆ ಅವರ ಕೈಯಲ್ಲಿ ಉತಾರ ಇರುತ್ತದೆ. ಊರು ಗೊತ್ತಿರುತ್ತದೆ. ಅಪ್ಪನ ಹೆಸರು ಗೊತ್ತಿರುತ್ತದೆ. ಓ.ಎಸ್. ನಂಬರ್ ಮಾತ್ರ ಇರುವುದಿಲ್ಲ.

ಕೇಸಿನ ಗುರುತಿಗೆ ಸಿಎನ್‌ಆರ್ ಬೇಕು. ಕೇಸಿನ ಬಗೆ, ನಂಬರ್, ವರ್ಷ ಮೂರೂ ಶೀಟಿನ ಬೇರೆ ಬೇರೆ ಮನೆಯಲ್ಲಿ (ಕಾಲಂನಲ್ಲಿ) ಇರಲಿ. "ಓ.ಎಸ್. 86/94" ಎಂದು ಒಂದೇ ಮನೆಯಲ್ಲಿ ತುರುಕಿದರೆ 1994ರ ಎಲ್ಲ ಕೇಸು ಬೇಕೆಂದಾಗ ಕೈ ಕಟ್ಟಿದ ಹಾಗೆ ಆಗುತ್ತದೆ. ವರ್ಷಕ್ಕೆ ನಾಲ್ಕೂ ಅಂಕೆ ಬರೆಯಿರಿ. ಕೇಸ್ ಫೈಲ್ ಆದ ನಂಬರ್ ಬೇರೆ, ರಿಜಿಸ್ಟರ್ ಆದ ನಂಬರ್ ಬೇರೆ, ತುಂಬಾ ಜನ ಇವನ್ನು ಬೆರೆಸುತ್ತಾರೆ. ಕೋರ್ಟಿನ ಹೆಸರು, ಊರು, ಎಷ್ಟನೇ ಹೆಚ್ಚುವರಿ ಕೋರ್ಟ್ ಎಂಬುದು ಸೇರಿಸಿ. ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇರಲಿ: 2024-03-07. ಈ ಕ್ರಮದಲ್ಲಿ ಬರೆದರೆ ಮಾರ್ಚ್ ಏಳೋ ಜುಲೈ ಮೂರೋ ಎಂಬ ಗೊಂದಲವಿಲ್ಲ, ಸಾಲಾಗಿ ಜೋಡಿಸಲೂ ಸುಲಭ.

ಪಕ್ಷಗಾರರಿಗೆ ಬೇರೆಯೇ ಒಂದು ಶೀಟ್ ಮಾಡಿ. ಒಬ್ಬರಿಗೆ ಒಂದು ಸಾಲು. ಐವರು ವಾದಿಗಳಿದ್ದರೆ ಐದು ಸಾಲು. "ಮತ್ತು ಇತರರು" ಎಂಬ ಮಾತು ನಿಮ್ಮ ಶೀಟಿನಲ್ಲಿ ಎಲ್ಲೂ ಬರಬಾರದು. ಇದನ್ನು ಕೈ ಮುಗಿದು ಕೇಳುತ್ತೇನೆ. ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು, ಊರು, ವಾದಿಯೋ ಪ್ರತಿವಾದಿಯೋ ಇಷ್ಟು ಬರೆಯಿರಿ. ಒಬ್ಬರು ತೀರಿಕೊಂಡು ವಾರಸುದಾರರು ಬಂದರೆ ಹಳೆಯ ಸಾಲು ಅಳಿಸಬೇಡಿ. ಕೆಳಗೆ ಹೊಸ ಸಾಲು ಸೇರಿಸಿ, ಯಾರ ಬದಲಿಗೆ ಎಂದು ಬರೆಯಿರಿ.

ಆಸ್ತಿಗೆ ಮೂರನೇ ಶೀಟ್. ಧಾರವಾಡ ಸೀಮೆಯಲ್ಲಿ ಒಂದೇ ಹೊಲಕ್ಕೆ ಆರ್.ಎಸ್. (ಸರ್ವೆ) ನಂಬರ್ ಎಂದು ಒಂದು ಕಾಗದದಲ್ಲಿ, ಬ್ಲಾಕ್ ನಂಬರ್ ಎಂದು ಇನ್ನೊಂದರಲ್ಲಿ ಇರುತ್ತದೆ. ಪೇಟೆಯ ಜಾಗವಾದರೆ ಸಿಟಿಎಸ್, ಅಂದರೆ ಸಿಟಿ ಸರ್ವೆ ನಂಬರ್. ನಂಬರ್ ಒಂದು ಮನೆಯಲ್ಲಿ, ಅದು ಯಾವ ಬಗೆಯ ನಂಬರ್ ಎಂಬುದು ಪಕ್ಕದ ಮನೆಯಲ್ಲಿ. ಊರಿನ ಹೆಸರಿಗೆ ಒಂದೇ ಕಾಗುಣಿತ ಗಟ್ಟಿ ಮಾಡಿ. 2014ರ ನವೆಂಬರ್ 1ರಂದು ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿ ಆಯಿತು. ಇಂಗ್ಲಿಷ್‌ನಲ್ಲಿ ಬರೆದ ಹಳೆಯ ಫೈಲಿನಲ್ಲಿ ಹುಬ್ಳಿ, ಹೊಸದರಲ್ಲಿ ಹುಬ್ಬಳ್ಳಿ. ನಿಮ್ಮ ಪಟ್ಟಿಯಲ್ಲಿ ಎರಡೂ ಒಂದೇ ಊರು ಎಂದು ಕಂಪ್ಯೂಟರಿಗೆ ನೀವೇ ಹೇಳಬೇಕು.

ಕೊನೆಯದಾಗಿ ಫೈಲ್ ಯಾವ ಕಪಾಟಿನಲ್ಲಿ, ಯಾವ ಕಟ್ಟಿನಲ್ಲಿ ಇದೆ ಎಂಬ ಕಾಲಂ. ಇದನ್ನು ಮರೆಯುವವರೇ ಜಾಸ್ತಿ. ಎಲ್ಲ ಮಾಹಿತಿ ಪರದೆ ಮೇಲೆ ಇದ್ದು ಫೈಲ್ ಮಾತ್ರ ಸಿಗದಿದ್ದರೆ ಏನು ಬಂತು, ಅಲ್ವಾ?

ಎಲ್ಲ ಫೈಲು ಒಮ್ಮೆಗೇ ಹಿಡಿಯಬೇಡಿ. ನಡೆಯುತ್ತಿರುವ ಕೇಸುಗಳಲ್ಲಿ ಇಪ್ಪತ್ತೈದು ತೆಗೆದುಕೊಂಡು ಮಾಡಿ ನೋಡಿ. ಆಮೇಲೆ ನಿಮ್ಮ ಆಫೀಸಿನ ಗುಮಾಸ್ತರನ್ನು ಕೂರಿಸಿ, ಒಂದು ಊರಿನ ಹೆಸರು ಹೇಳಿ ಫೈಲ್ ತರಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಕಾಲಂ ಸರಿಯಿಲ್ಲ.

ಪ್ರಶ್ನೆ: ನಮ್ಮ ಕೇಸ್ ಮೊಬೈಲಿನಲ್ಲಿ "ಡಿಸ್ಪೋಸ್ಡ್" ಎಂದು ತೋರಿಸುತ್ತಿದೆ. ಹಾಗಾದರೆ ಗೆದ್ದೆವಾ?
— ಓದುಗರು, ನವಲಗುಂದ

ಉತ್ತರ: ಆ ಪದ ಗೆಲುವನ್ನೂ ಹೇಳುವುದಿಲ್ಲ, ಸೋಲನ್ನೂ ಹೇಳುವುದಿಲ್ಲ. ವಿಲೇವಾರಿ ಆಗಿದೆ ಎಂದಷ್ಟೇ. ಅದೇ ಪುಟದಲ್ಲಿ ವಿಲೇವಾರಿಯ ಬಗೆ ಎಂಬ ಇನ್ನೊಂದು ಸಾಲು ಇರುತ್ತದೆ. ವಾದ ನಡೆದು ತೀರ್ಪಾಯಿತೋ, ರಾಜಿಯಾಯಿತೋ, ಯಾರೂ ಹಾಜರಾಗದೆ ವಜಾ ಆಯಿತೋ ಅಲ್ಲಿ ನೋಡಿ. ಹಾಜರಾಗದೆ ವಜಾ ಆಗಿದ್ದರೆ ತಡ ಮಾಡದೆ ವಕೀಲರ ಹತ್ತಿರ ಹೋಗಿ, ಮತ್ತೆ ತೆರೆಸಲು ಅವಧಿ ಇರುತ್ತದೆ. ವಾಟ್ನಿ ದಾವೆಯಾಗಿದ್ದರೆ ಮೊದಲು ಆಗುವುದು ಪ್ರಾಥಮಿಕ ಡಿಕ್ರಿ. ಹೊಲ ಅಳೆದು ಪಾಲು ಕೈಗೆ ಬರಬೇಕಾದರೆ ಎಫ್‌ಡಿಪಿ ಎಂಬ ಅಂತಿಮ ಡಿಕ್ರಿಯ ನಡಾವಳಿ ಬೇರೆ ನಂಬರಿನಲ್ಲಿ ನಡೆಯುವುದುಂಟು. ಎಷ್ಟೋ ಮನೆಗಳಲ್ಲಿ ಓ.ಎಸ್. ಮುಗಿಯಿತು ಎಂದು ಸುಮ್ನೆ ಕುಳಿತವರನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಬೇರೆ ದೇಶಗಳಲ್ಲಿ ತೀರ್ಪುಗಳಿಗೆ ಇಂಥ ಗುರುತು ಇದೆಯಾ? ನಮ್ಮ ಹೈಕೋರ್ಟ್ ತೀರ್ಪಿನ ಮೇಲೆ "ಎನ್‌ಸಿ" ಎಂದು ಬರೆದಿರುವುದು ಏನು?
— ವಿದ್ಯಾರ್ಥಿ, ನವನಗರ, ಹುಬ್ಬಳ್ಳಿ

ಉತ್ತರ: ಎನ್‌ಸಿ ಅಂದರೆ ನ್ಯೂಟ್ರಲ್ ಸೈಟೇಶನ್. ಮೊದಲು ತೀರ್ಪನ್ನು ಉಲ್ಲೇಖಿಸಬೇಕಾದರೆ ಯಾವ ವರದಿ ಪುಸ್ತಕದ ಯಾವ ಸಂಪುಟದ ಯಾವ ಪುಟ ಎಂದು ಹೇಳಬೇಕಿತ್ತು. ಒಂದೇ ತೀರ್ಪಿಗೆ ಮೂರು ನಾಲ್ಕು ಪುಸ್ತಕದಲ್ಲಿ ಮೂರು ನಾಲ್ಕು ವಿಳಾಸ. ಪುಸ್ತಕ ಕೊಳ್ಳಲು ಆಗದವರಿಗೆ ತೀರ್ಪೇ ಸಿಗುತ್ತಿರಲಿಲ್ಲ. ಈಗ ಕೋರ್ಟೇ ತನ್ನ ತೀರ್ಪಿಗೆ ನಂಬರ್ ಕೊಡುತ್ತದೆ. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನು ತಂದಿತು, ಅಲ್ಲಿಯದು ವರ್ಷ, "ಐಎನ್ಎಸ್‌ಸಿ", ಕ್ರಮ ಸಂಖ್ಯೆ ಎಂದು ಇರುತ್ತದೆ. ನಮ್ಮ ಹೈಕೋರ್ಟಿನ ಧಾರವಾಡ ಪೀಠದ್ದಾದರೆ ವರ್ಷ, ಆಮೇಲೆ "ಕೆಎಚ್‌ಸಿ-ಡಿ", ಆಮೇಲೆ ಸಂಖ್ಯೆ. ಆ "ಡಿ" ನಮ್ಮ ಧಾರವಾಡ. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ, 2013ರಲ್ಲಿ ಕಾಯಂ ಆದ ಪೀಠ ಅದು. ಒಂದು ಅಕ್ಷರ ನೋಡಿದರೆ ಯಾವ ಪೀಠದ ತೀರ್ಪು ಎಂದು ಗೊತ್ತಾಗುತ್ತದೆ. ನನಗೆ ಆ ಅಕ್ಷರ ಕಂಡಾಗಲೆಲ್ಲ ಖುಷಿಯಾಗುತ್ತದೆ. ಮೊದಲು ಇಲ್ಲಿಯ ಜನ ಒಂದು ಮೇಲ್ಮನವಿಗೆ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು.

ಯುರೋಪಿನಲ್ಲಿ 2011ರಿಂದ ಇಸಿಎಲ್ಐ ಎಂಬ ಗುರುತು ಇದೆ. ದೇಶ, ಕೋರ್ಟ್, ವರ್ಷ, ಸಂಖ್ಯೆ, ನಡುವೆ ಕೋಲನ್ ಚಿಹ್ನೆ. ಅದರ ಜೊತೆ ಕೊಡಬೇಕಾದ ಮಾಹಿತಿಗೆ ಅವರು ಡಬ್ಲಿನ್ ಕೋರ್ ಎಂಬ ಪಟ್ಟಿಯನ್ನು ಆಧಾರ ಮಾಡಿಕೊಂಡಿದ್ದಾರೆ. ಡಬ್ಲಿನ್ ಅಂದರೆ ಐರ್ಲೆಂಡಿನದಲ್ಲ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಅದೇ ಹೆಸರಿನ ಊರಿದೆ. 1995ರಲ್ಲಿ ಅಲ್ಲಿ ಗ್ರಂಥಾಲಯದವರು, ಕಂಪ್ಯೂಟರಿನವರು ಸೇರಿ ಈ ಕೆಲಸ ಶುರು ಮಾಡಿದರು. ಯಾವುದೇ ದಾಖಲೆಯನ್ನು ವಿವರಿಸಲು 15 ಮನೆಗಳು ಅದರಲ್ಲಿವೆ: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಗುರುತು ಸಂಖ್ಯೆ, ಹೀಗೆ. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು "ಸಂಬಂಧ" ಎಂಬ ಮನೆ. ಈ ಕಾಗದಕ್ಕೆ ಇನ್ನಾವ ಕಾಗದದ ನಂಟಿದೆ ಎಂದು ಬರೆಯುವ ಜಾಗ. ಓ.ಎಸ್.ನಿಂದ ಆರ್.ಎ. (ಮೊದಲ ಮೇಲ್ಮನವಿ), ಅಲ್ಲಿಂದ ಆರ್.ಎಸ್.ಎ. (ಎರಡನೇ ಮೇಲ್ಮನವಿ), ಕೆಳಗೆ ಬಂದು ಎಫ್‌ಡಿಪಿ. ಒಂದೇ ಜಗಳ, ನಾಲ್ಕು ನಂಬರ್. ಆ ದಾರ ಕಡಿದರೆ ನಾಲ್ಕೂ ಅನಾಥ.

ತೀರ್ಪಿನ ಒಳಗಿನ ಭಾಗಗಳನ್ನೂ ಗುರುತು ಮಾಡುವ ಅಕೋಮ ನ್ಟೋಸೊ ಎಂಬ ಮಾನದಂಡವೂ ಇದೆ. ಆಫ್ರಿಕಾದ ಶಾಸನಸಭೆಗಳ ಕಾಗದಗಳಿಗಾಗಿ ಹುಟ್ಟಿದ್ದು. ಪಶ್ಚಿಮ ಆಫ್ರಿಕಾದ ಅಕಾನ್ ಭಾಷೆಯಲ್ಲಿ "ಬೆಸೆದ ಹೃದಯಗಳು" ಎಂದು ಅರ್ಥ. ನೀವು ಕಂಪ್ಯೂಟರ್ ಕಡೆ ಒಲವಿದ್ದವರಾದರೆ ಅದನ್ನು ಓದಿ ನೋಡಿ.

ಪ್ರಶ್ನೆ: ಕ್ರಿಮಿನಲ್ ಕೇಸುಗಳ ಪಟ್ಟಿಯಲ್ಲಿ ನಾವು ಕಲಂ ಮಾತ್ರ ಬರೆಯುತ್ತೇವೆ. 302, 420, ಹೀಗೆ. ಈಗ ಹೊಸ ಕಾನೂನು ಬಂದ ಮೇಲೆ ಹಳೆಯದನ್ನೆಲ್ಲ ತಿದ್ದಬೇಕಾ?
— ವಕೀಲರ ಗುಮಾಸ್ತ, ಹಾವೇರಿ

ಉತ್ತರ: ದಯವಿಟ್ಟು ತಿದ್ದಬೇಡಿ. 2024ರ ಜುಲೈ 1ರ ಮೊದಲು ನಡೆದ ಅಪರಾಧ ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆಯ) ಕೆಳಗೇ ಇರುತ್ತದೆ. ನಂತರದ್ದು ಭಾರತೀಯ ನ್ಯಾಯ ಸಂಹಿತೆ. ನಿಮ್ಮ ಪಟ್ಟಿಗೆ ಬೇಕಾಗಿರುವುದು ಕಾನೂನಿನ ಹೆಸರಿನ ಒಂದು ಕಾಲಂ. ಬರೀ ನಂಬರ್ ಎಷ್ಟು ಅಪಾಯ ನೋಡಿ. ಐಪಿಸಿಯಲ್ಲಿ 302 ಕೊಲೆ. ಹೊಸ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ, 302 ಎಂಬುದು ಬೇರೆಯವರ ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ವಂಚನೆಯ 420 ಈಗ 318ರ ನಾಲ್ಕನೇ ಉಪಕಲಂ. ಹೊಸ ಸಂಹಿತೆಯಲ್ಲಿ ಇರುವುದೇ 358 ಕಲಂ. ಪಟ್ಟಿಯಲ್ಲಿ ಬರೀ 302 ಎಂದಿದ್ದರೆ ಮುಂದೆ ಓದುವವರು ಏನೆಂದು ತಿಳಿಯಬೇಕು? ಜೊತೆಗೆ ಅಪರಾಧದ ವಿಷಯಕ್ಕೊಂದು ಕಾಲಂ ಇಟ್ಟು ಕೊಲೆ, ವಂಚನೆ, ಕಳವು ಎಂದು ಬರೆಯಿರಿ. ಆಗ ಹಳೆಯದು ಹೊಸದು ಒಟ್ಟಿಗೆ ಸಿಗುತ್ತವೆ. ಆ ಪದಗಳ ಪಟ್ಟಿ ಗೋಡೆಗೆ ಅಂಟಿಸಿ. ಒಬ್ಬರು ಕಳವು, ಇನ್ನೊಬ್ಬರು ಕಳ್ಳತನ, ಮತ್ತೊಬ್ಬರು ಚೋರಿ ಎಂದು ಬರೆಯುವಂತಾಗಬಾರದು.

ಪ್ರಶ್ನೆ: ಎಲ್ಲ ಹೆಸರೂ ಹುಡುಕಿದರೆ ಸಿಗುವ ಹಾಗೆ ಇಡುವುದು ಒಳ್ಳೆಯದೇ? ನನ್ನ ಅಕ್ಕನ ವಿಚ್ಛೇದನದ ಕೇಸ್ ಊರೆಲ್ಲ ಓದುವುದು ನಮಗೆ ಬೇಡ.
— ಓದುಗರು, ಧಾರವಾಡ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಹುಡುಕಲು ಸಿಗುವುದು ಬೇರೆ, ಎಲ್ಲರಿಗೂ ಕಾಣುವುದು ಬೇರೆ. ಒಳ್ಳೆಯ ಚೀಟಿಯಲ್ಲಿ "ಯಾರು ನೋಡಬಹುದು" ಎಂಬ ಮನೆಯೂ ಇರಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಕೇಸಿನ ಮಕ್ಕಳ ಗುರುತು ಬಯಲು ಮಾಡುವುದನ್ನು ಕಾನೂನೇ ತಡೆಯುತ್ತದೆ. ವಕೀಲರ ಆಫೀಸಿನ ಪಟ್ಟಿಯಲ್ಲೂ ಅಂಥ ಹೆಸರು ಬೇಡ, ಸಿಎನ್‌ಆರ್ ಸಾಕು. ಅಕ್ಕನ ವಿಷಯದಲ್ಲಿ ತೀರ್ಪಿನಲ್ಲಿ ಹೆಸರು ಮರೆಮಾಡಲು ಕೋರಬಹುದಾ ಎಂದು ನಿಮ್ಮ ವಕೀಲರನ್ನು ಮೊದಲೇ ಕೇಳಿ, ತೀರ್ಪು ಬಂದ ಮೇಲೆ ಓಡಾಡಬೇಡಿ.

ಪ್ರಶ್ನೆ: ಹೆಸರನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ? ನಮ್ಮ ಆಫೀಸಿನಲ್ಲಿ ದಿನಾ ಇದೇ ಜಗಳ.
— ಕಂಪ್ಯೂಟರ್ ಆಪರೇಟರ್, ರಾಣೆಬೆನ್ನೂರು

ಉತ್ತರ: ಎರಡೂ ಬರೆಯಿರಿ, ಎರಡು ಮನೆಯಲ್ಲಿ. ಕನ್ನಡದ್ದೇ ಮೂಲ ಎಂದು ಇಟ್ಟುಕೊಳ್ಳಿ. ಕನ್ನಡದಲ್ಲಿ ಹಿರೇಮಠ ಎಂದರೆ ಹಿರೇಮಠ, ಮುಗಿಯಿತು. ಇಂಗ್ಲಿಷಿಗೆ ಹೋದ ಕೂಡಲೇ ಕೊನೆಗೆ ಒಂದು "ಎ" ಸೇರುತ್ತದೆ, ಅಥವಾ "ಎಚ್" ಬೀಳುತ್ತದೆ. ಬಡಿಗೇರ ಎಂಬುದಕ್ಕೆ ನಾನು ಒಂದೇ ಫೈಲಿನಲ್ಲಿ ಮೂರು ಕಾಗುಣಿತ ನೋಡಿದ್ದೇನೆ. ದಾವೆಯಲ್ಲಿ ಒಂದು, ವಕಾಲತ್ತಿನಲ್ಲಿ ಒಂದು, ಆಧಾರ್ ಪ್ರತಿಯಲ್ಲಿ ಒಂದು. ಮೂರನ್ನೂ ಬರೆದಿಡಿ, "ಬೇರೆ ರೂಪಗಳು" ಎಂಬ ಕಾಲಂ ಮಾಡಿ. ಕನ್ನಡವನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಹೊಡೆದದ್ದು ಬೇರೆ ಕಂಪ್ಯೂಟರಿನಲ್ಲಿ ಓದಲು ಬರುವುದಿಲ್ಲ, ಹುಡುಕಲೂ ಬರುವುದಿಲ್ಲ. ನಿಮ್ಮಲ್ಲಿ ಅಂಥ ಹಳೆಯ ಪಟ್ಟಿ ಇದ್ದರೆ ಅದನ್ನು ಓದಬಲ್ಲ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಅರ್ಕಾವತ್ತು ಇರುವ ಹೆಸರುಗಳಲ್ಲೇ ತಪ್ಪು ಜಾಸ್ತಿ ಉಳಿಯುತ್ತದೆ.